ಗಿರಣಿಯಕ್ಕ ಓಟಿಗೆ ನಿಂತಿದ್ದು

ಅವನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು, ಮೈಕ್ ಕೈಗೆ ಬಂದರೆ ಸಾಕು, ಬೆರಳಲ್ಲಿ ತಟ್ಟಿ 'ಹಲೋ ಹಲೋ' ಅನ್ನುವವನು ಅಂತ ಇಡೀ ವಾರ್ಡಿಗೆ ಅವನು ಹಲೋ ಮಾಮನಾದ. ಹಲ್ಲು ಬಿದ್ದ ಮುದುಕರಿಗೂ ಮಾಮ, ಹಲ್ಲು ಹುಟ್ಟದ ಕೂಸುಗಳಿಗೂ ಮಾಮ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವನ ಮನೆ. ಮುಂದಿನ ಕೋಣೆ ತುಂಬ ತಗಡಿನ ಹಾರ್ನುಗಳು, ಆಂಪ್ಲಿಫೈಯರು, ಬ್ಯಾಟರಿ, ಸುರುಳಿ ಸುತ್ತಿದ ವೈರುಗಳು. ಬಂದ ನೆಂಟರಿಗೆ ಕೂರಲು ಜಾಗ ಬೇಕಾದರೆ ಮೊದಲು ಒಂದು ಸ್ಪೀಕರನ್ನು ಎತ್ತಿಡಬೇಕಿತ್ತು.

ಹಲೋ ಮಾಮನ ಗಂಟಲಲ್ಲಿ ಎರಡು ದನಿ ಇದ್ದವು. ಒಂದು ಓಟಿನ ದನಿ. ಏರುತ್ತಾ, ಕುಣಿಯುತ್ತಾ, ಒಂದೇ ಉಸಿರಿಗೆ ಅಭ್ಯರ್ಥಿಯ ಹೆಸರು, ಗುಣ, ಕೊಟ್ಟ ಮಾತು, ಕೊಡಲಿರುವ ಮಾತು ಎಲ್ಲವನ್ನೂ ಹೇಳಿ ಮುಗಿಸುವ ದನಿ ಅದು. ಇನ್ನೊಂದು ಸಾವಿನ ದನಿ. ಆ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ನೆಂಟರಿಷ್ಟರಿಗೆ ಹೇಳುವ ಮೊದಲು ಹಲೋ ಮಾಮನ ಬಾಗಿಲು ತಟ್ಟುತ್ತಿದ್ದರು. ಅವನು ಆಟೋಗೆ ಹಾರ್ನು ಕಟ್ಟಿಸಿ, ನಡೆಯುವವರಿಗಿಂತ ನಿಧಾನವಾಗಿ ಬೀದಿ ಬೀದಿ ಸುತ್ತಿ, "ನಮ್ಮ ವಾರ್ಡಿನ... ನಮ್ಮೆಲ್ಲರಿಗೂ ಬೇಕಾದ..." ಅಂತ ಎಳೆದು ಶುರು ಮಾಡುತ್ತಿದ್ದ. ಹೆಸರು ಬರುವವರೆಗೆ ಯಾರೂ ಕಾಯುತ್ತಿರಲಿಲ್ಲ. ಮೊದಲ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದದ್ದನ್ನು ಬಿಟ್ಟು ಹೊಸ್ತಿಲಿಗೆ ಬರುತ್ತಿದ್ದರು. ಮೂಲೆಮನೆಯ ಪೋಸ್ಟ್‌ಮ್ಯಾನ್ ತಾತನಂತೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬೀದಿಗಿಳಿದು "ಯಾರು ಹೋದ್ರಪ್ಪ?" ಅಂತ ಕೇಳುತ್ತಿದ್ದ. ಕೆಲಸದಲ್ಲಿದ್ದಾಗ ಎಲ್ಲರ ಮನೆಗೂ ಕಾಗದ ಹಂಚಿದವನು. ಎಲ್ಲರನ್ನೂ ಕೊನೆಯವರೆಗೆ ಕಳಿಸಿ ಬರುವುದು ತನ್ನ ಪಾಲಿನದು ಅಂತ ತಿಳಿದಿದ್ದ.

ಇವೆರಡನ್ನು ಬಿಟ್ಟು ಮನೆಯ ದನಿಯೊಂದು ಬೇರೆ ಇತ್ತು. ಅದು ಎಷ್ಟು ಮೆತ್ತಗೆಂದರೆ ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ. ದಿನವಿಡೀ ಕೂಗಿದ ಗಂಟಲು ಮನೆಗೆ ಬಂದರೆ ಸಾಕಪ್ಪಾ ಸಾಕು ಅನ್ನುತ್ತಿತ್ತು. ಆ ದನಿಯನ್ನು ಕೇಳಿದವರು ಅವನ ಹೆಂಡತಿ, ಮಗಳು ಇಬ್ಬರೇ.

ಹೆಂಡತಿ ಮಾರುಕಟ್ಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಅವಳೂ ಕೂಗುವವಳೇ. ಗಿರಣಿಯ ಬೆಲ್ಟು ತಿರುಗುವಾಗ ಪಿಸುಮಾತಿಗೆ ಜಾಗವೆಲ್ಲಿ? ಗೋಧಿ ಬೀಸಿಸಲು ಬಂದವಳು ಸಣ್ಣಗೋ ದಪ್ಪಗೋ ಅನ್ನುವುದನ್ನೂ ಕೂಗಬೇಕು, ಅತ್ತೆಯ ಮೇಲಿನ ದೂರನ್ನೂ ಕೂಗಬೇಕು, ಕೂಗಿದ್ದು ಸಾಲಿನ ಕೊನೆಯಲ್ಲಿ ನಿಂತ ಅತ್ತೆಯ ಕಿವಿಗೂ ಬೀಳಬೇಕು. ಹೀಗೆ ವಾರ್ಡಿನ ಗುಟ್ಟೆಲ್ಲ ಗಿರಣಿಯಲ್ಲಿ ರಟ್ಟಾಗಿ, ಅಲ್ಲೇ ಪಂಚಾಯ್ತಿಯಾಗಿ, ಹಿಟ್ಟಿನ ಡಬ್ಬದ ಜೊತೆ ಮನೆಗೆ ಹೋಗುತ್ತಿತ್ತು. ಅವಳ ಹುಬ್ಬು, ರೆಪ್ಪೆ, ಕಿವಿಯ ಹಿಂದಿನ ಕೂದಲು ಸದಾ ಬೆಳ್ಳಗೆ. "ನಮ್ಮ ಗಿರಣಿಯಕ್ಕ ಹುಟ್ಟುತ್ತಲೇ ಮುದುಕಿ" ಅಂತ ಸೊಪ್ಪಿನವಳು ಚೇಷ್ಟೆ ಮಾಡುವಳು. ಹೆರಿಗೆಗೆ ಜೊತೆ ಯಾರು ಹೋಗಬೇಕು, ಕುಡುಕ ಗಂಡನಿಗೆ ಯಾರು ನೀರಿಳಿಸಬೇಕು, ಪುರಸಭೆಯಲ್ಲಿ ಯಾರ ಮೇಜಿನ ಮುಂದೆ ಕದಲದೆ ನಿಲ್ಲಬೇಕು, ಎಲ್ಲಕ್ಕೂ ಅಕ್ಕನೇ ಆಗಬೇಕು. ಗಂಡ ಹೆಂಡತಿ ಊಟಕ್ಕೆ ಕೂತಾಗ ಮಾತ್ರ ಆ ಮನೆಯಲ್ಲಿ ತಟ್ಟೆಯ ಸದ್ದು ಕೇಳುವಷ್ಟು ಮೌನ.

ಅವಳಿಗೆ ಓಟಿಗೆ ನಿಲ್ಲಬೇಕು ಅನ್ನಿಸಿದ್ದು ಒಂದು ಬೀಗದಿಂದ. ಮಾರುಕಟ್ಟೆಯ ಹಿಂಬದಿಯಲ್ಲಿ ಹೆಂಗಸರಿಗೆ ಅಂತ ಶೌಚಾಲಯ ಕಟ್ಟಿದ್ದರು. ಗೋಡೆಗೆ ಗುಲಾಬಿ ಬಣ್ಣ, ಬಾಗಿಲ ಪಕ್ಕ ದೊಡ್ಡವರ ಹೆಸರು ಕೆತ್ತಿದ ಕಲ್ಲು. ಉದ್ಘಾಟನೆಗೆ ಮೈಕ್ ಹಲೋ ಮಾಮನದೇ. "ತಾಯಂದಿರ, ಅಕ್ಕತಂಗಿಯರ ಬಹುದಿನದ ಕನಸು ಇಂದು ನನಸು" ಅಂತ ಕುಣಿಕುಣಿದು ಹೇಳಿದವನೂ ಅವನೇ. ನೀರಿನ ಪೈಪು ಬಂದಿಲ್ಲ ಅಂತ ಅದೇ ವಾರ ಬಿದ್ದ ಬೀಗವನ್ನು ಮತ್ತೆ ಯಾರೂ ತೆಗೆಯಲಿಲ್ಲ. ಬೀಗದ ಕೈ ಎಲ್ಲಿ ಅಂದರೆ ಪುರಸಭೆಯವರು ಕಂಟ್ರಾಕ್ಟರನ ಹತ್ತಿರ ಅಂದರು, ಕಂಟ್ರಾಕ್ಟರ ವಾರ್ಡಿನ ಮೆಂಬರ ಹತ್ತಿರ ಅಂದ, ಮೆಂಬರು ಎಲ್ಲೋ ಕಳೆದುಹೋಯಿತು ಅಂದ. ಗಂಡಸರಿಗೇನು, ಗೋಡೆ ಕಂಡಲ್ಲೆಲ್ಲ ಸೌಕರ್ಯ. ಹೆಂಗಸರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮನೆ ಸೇರುವವರೆಗೆ ನೀರು ಕುಡಿಯುತ್ತಿರಲಿಲ್ಲ. ಸೊಪ್ಪಿನವಳು, ಮೀನಿನವಳು, ಪಾತ್ರೆ ಅಂಗಡಿಯ ಲೆಕ್ಕದ ಹುಡುಗಿ, ಗಿರಣಿಯಕ್ಕ, ಎಲ್ಲರೂ ಹಾಗೆಯೇ. ಬಿಸಿಲು ನೆತ್ತಿ ಸುಡುವಾಗ ಬಾಯಿಗೆ ಎರಡು ಗುಟುಕು ಹಾಕಿ, ಮುಕ್ಕಳಿಸಿ, ಚರಂಡಿಗೆ ಉಗಿಯುತ್ತಿದ್ದರು.

ಹಿಂದಿನ ಚುನಾವಣೆ ಹತ್ತಿರ ಬಂದಾಗ, ಒಂದು ಸಂಜೆ ಹಲೋ ಮಾಮ ಹೆಂಡತಿಯನ್ನು ಕರೆದುಕೊಂಡು ಹೋಗಲು ಗಿರಣಿಗೆ ಬಂದಿದ್ದ. ಅವಳು ಬೆಲ್ಟು ನಿಲ್ಲಿಸಿ, ಕಲ್ಲಿನ ಸುತ್ತ ಕೂತ ಹಿಟ್ಟನ್ನು ಕುಂಚದಿಂದ ಗುಡಿಸುತ್ತಾ ಹೇಳಿದಳು: "ರೀ, ಈ ಸಲ ನಾನೇ ನಿಂತ್ಕೊಳ್ಳೋಣ ಅಂತಿದ್ದೀನಿ."

"ಎಲ್ಲಿ?"

"ಬಸ್‌ಸ್ಟಾಪಲ್ಲಿ! ಓಟಿಗೆ ಕಣ್ರೀ."

ಅವನು ನಕ್ಕ. ಅವಳು ನಗಲಿಲ್ಲ. ಆಗ ಅವನಿಗೆ ಗಾಬರಿಯಾಯಿತು. ಎಲ್ಲ ಪಕ್ಷದವರಿಗೂ ಮೈಕ್ ಕೊಡುವವನು ಅವನು. ಬೆಳಿಗ್ಗೆ ಒಬ್ಬನನ್ನು ಹೊಗಳಿ, ಮಧ್ಯಾಹ್ನ ಗಂಟಲಿಗೆ ಬಿಸಿನೀರು ಬಿಟ್ಟುಕೊಂಡು, ಸಂಜೆ ಅವನ ಎದುರಾಳಿಯನ್ನು ಹೊಗಳುವವನು. ನಾಲಿಗೆಗೆ ಎಲುಬಿಲ್ಲ ಅಂತ ಯಾರಾದರೂ ಚುಚ್ಚಿದರೆ "ಎಲುಬಿದ್ದಿದ್ರೆ ಬಾಡಿಗೆಗೆ ಹೋಗ್ತಿರ್ಲಿಲ್ಲ" ಅಂತ ತಾನೂ ನಗುತ್ತಿದ್ದ. ಹೆಂಡತಿ ನಿಂತರೆ ಉಳಿದವರೆಲ್ಲ ಮುಖ ತಿರುಗಿಸುತ್ತಾರೆ. ಮಗಳ ಮದುವೆ ಬೇರೆ ಎದುರಿಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ ಅವನು ಹೇಳಿದ: "ಮುಂದಿನ ಸಲ ನೋಡೋಣ. ಮಗಳದೊಂದು ಆಗಿಹೋಗ್ಲಿ."

"ಮುಂದಿನ ಸಲ?"

"ಮುಂದಿನ ಸಲ ಖಂಡಿತ."

"ಮೈಕಲ್ಲಿ ಹೇಳೋ ಖಂಡಿತಾನೋ, ಮನೇಲಿ ಹೇಳೋ ಖಂಡಿತಾನೋ?"

"ಮನೇದು ಕಣೆ" ಅಂದ ಅವನು, ಮನೆಯ ದನಿಯಲ್ಲೇ.

ಅವಳು ಕುಂಚವನ್ನು ಮೊಳೆಗೆ ನೇತುಹಾಕಿ ಬಾಗಿಲೆಳೆದಳು. ಮತ್ತೆ ಆ ಮಾತೆತ್ತಲಿಲ್ಲ. ಆ ಚುನಾವಣೆಯಲ್ಲೂ ಹಲೋ ಮಾಮ ಮೆಂಬರ ಪರವಾಗಿ "ಮಾರುಕಟ್ಟೆಯ ಮಹಿಳಾ ಶೌಚಾಲಯ ಕೂಡಲೇ ಆರಂಭ, ಕೂಡಲೇ ಆರಂಭ" ಅಂತ ಗಿರಣಿಯ ಮುಂದೆಯೇ ಹಾದುಹೋದ. ಅವಳು ಬಿಳಿ ಹುಬ್ಬಿನ ತಲೆಯನ್ನು ಹೊರಗೆ ಹಾಕಿ, ಪೂರ್ತಿ ಕೇಳಿ, ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಗಳ ಮದುವೆಯಾಯಿತು. ಎರಡು ಬೀದಿ ಆಚೆಗೇ ಗಂಡನ ಮನೆ. ಅದಾಗಿ ಕೆಲವು ವರ್ಷಕ್ಕೆ ಗಿರಣಿಯಕ್ಕನ ಕಾಲು ಊದತೊಡಗಿತು. ನಿಂತು ನಿಂತು ಹೀಗಾಗಿದೆ ಅಂತ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖವೂ ಊದಿಕೊಂಡ ಮೇಲೆ ಮಗಳು ಬಲವಂತವಾಗಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಪರದೆಯ ಒಳಗೆ ಕೇಳುತ್ತಿದ್ದದ್ದು ಹೊರಗೆ ಬೆಂಚಿನ ಮೇಲೆ ಕೂತ ಹಲೋ ಮಾಮನಿಗೆ ಕೇಳುತ್ತಿತ್ತು.

"ಉರಿಮೂತ್ರ ಆಗಾಗ ಆಗ್ತಿತ್ತಾ?"

"ಮಾರ್ಕೆಟ್ಟಲ್ಲಿ ಅದು ಯಾರಿಗಾಗಲ್ಲ ಡಾಕ್ಟ್ರೇ?"

"ದಿನಕ್ಕೆ ನೀರು ಎಷ್ಟು ಕುಡೀತಿದ್ರಿ?"

ಅದಕ್ಕೆ ಅವಳು ನಕ್ಕಿದ್ದು ಮಾತ್ರ ಕೇಳಿಸಿತು.

ಎರಡೂ ಕಿಡ್ನಿ ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದ್ದವು. ಇದೇ ಕಾರಣ ಅಂತ ಒಂದನ್ನೇ ಬೆರಳಿಟ್ಟು ತೋರಿಸಲಾಗದು, ಆದರೆ ವರ್ಷಗಟ್ಟಲೆ ನೀರು ಕುಡಿಯದೆ, ಸೋಂಕನ್ನು ಹಾಗೇ ಬಿಟ್ಟದ್ದು ಒಳಗೊಳಗೇ ತಿಂದಿದೆ ಅಂದರು ಡಾಕ್ಟರಮ್ಮ. ಅಂದಿನಿಂದ ವಾರವಾರ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಕುಡಿಯುವ ನೀರಿಗೂ ಅಳತೆ, ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅವಳು ಹೇಳಿದಳು: "ಕುಡಿಯೋ ಹಾಗಿದ್ದಾಗ ಹೋಗೋಕೆ ಜಾಗ ಇರ್ಲಿಲ್ಲ. ಈಗ ದಿನಾ ಮನೇಲಿರ್ತೀನಿ, ಕುಡಿಯೋ ಹಾಗಿಲ್ಲ. ನನ್ನ ಹಣೆಬರಹ ಬರೆದೋನಿಗೆ ಒಳ್ಳೆ ತಮಾಷೆ ಬುದ್ಧಿ." ಕೂಡಲೇ ಆರಂಭ, ಕೂಡಲೇ ಆರಂಭ ಅಂತ ತನ್ನದೇ ದನಿ ಹಲೋ ಮಾಮನ ತಲೆಯೊಳಗೆ ತಿರುಗುತ್ತಿತ್ತು.

ಚುನಾವಣೆಯ ದಿನ ಗೊತ್ತಾದ ಬೆಳಿಗ್ಗೆ ಅವಳು ಹಾಸಿಗೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಗಿರಣಿ ಮುಚ್ಚಿ ತಿಂಗಳುಗಳಾಗಿದ್ದವು. ಹಿಟ್ಟು ಹೋದ ಮೇಲೂ ಕೂದಲು ಬೆಳ್ಳಗೇ ಉಳಿದಿತ್ತು. "ಮುಂದಿನ ಸಲ ಬಂತು ಕಣ್ರೀ" ಅಂದಳು.

ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದವನಂತೆ ವೈರು ಸುತ್ತತೊಡಗಿದ.

ಮಗಳು ವಿಷಯ ತಿಳಿದು ಓಡಿಬಂದಳು. "ಅಮ್ಮಂಗೆ ಹುಚ್ಚು ಸರಿ, ನಿಂಗೇನಾಗಿದೆ ಅಪ್ಪ? ಎರಡು ಮೆಟ್ಲು ಹತ್ತಿದ್ರೆ ಏದುಸಿರು ಬಿಡ್ತಾಳೆ. ಮನೆ ಮನೆ ಸುತ್ತೋಕಾಗತ್ತಾ? ಬೇಡ ಅಂತ ನೀನಾದ್ರೂ ಹೇಳು" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವನಿಗೂ ಬೇಡ ಅನ್ನುವುದೇ ಸರಿ ಅನ್ನಿಸಿತು. ಎದ್ದು ಮುಂದಿನ ಕೋಣೆಗೆ ಹೋಗಿ ಹಾರ್ನು ಒರೆಸುತ್ತಾ, ಹೇಗೆ ಹೇಳಲಿ ಅಂತ ಮಾತು ಜೋಡಿಸಿದ. ಆರೋಗ್ಯ ಮೊದಲು, ಸ್ವಲ್ಪ ಚೇತರಿಸಿಕೋ, ಆಮೇಲೆ... ಆಮೇಲೆ ಅನ್ನುವಲ್ಲಿಗೆ ಬಂದಾಗ ಅವನ ಬಾಯಿಗೆ ತಾನಾಗಿ ಬಂದ ಮಾತು 'ಮುಂದಿನ ಸಲ'. ಹಲೋ ಮಾಮ ಹಾರ್ನನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟ. ಅವಳಿಗೆ ಇನ್ನೊಂದು ಸಲ ಇಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಅವತ್ತು ತನ್ನ ವ್ಯಾಪಾರಕ್ಕೋಸ್ಕರ ಬೇಡ ಅಂದಿದ್ದ, ಇವತ್ತು ಅವಳ ಒಳ್ಳೆಯದಕ್ಕೆ ಬೇಡ ಅನ್ನಲು ಹೊರಟಿದ್ದ. ಎರಡು ಸಲವೂ ನಷ್ಟವಾಗುವುದು ಅವಳಿಗೇ.

ಒಳಗೆ ಬಂದು ಹಾಸಿಗೆಯ ಅಂಚಿಗೆ ಕೂತ. ಅವಳೇ ಮೊದಲು ಮಾತಾಡಿದಳು.

"ಗೆಲ್ತೀನಿ ಅನ್ನೋ ಭ್ರಮೆ ನಂಗಿಲ್ಲ. ಗೆದ್ರೂ ಆ ಕುರ್ಚಿ ಮೇಲೆ ಎಷ್ಟು ದಿನ ಕೂತಿರ್ತೀನೋ ಏನೋ. ಆದ್ರೆ ಆ ಬೀಗದ ವಿಷ್ಯ ಒಂದ್ಸಲ ಬೀದಿ ಬೀದೀಲಿ ಹೇಳ್ಬೇಕು. ಇನ್ನೊಂದು..." ಅವನ ಕಡೆ ತಿರುಗಿದಳು. "ಊರೋರ ಹೆಸರನ್ನೆಲ್ಲ ಮೈಕಲ್ಲಿ ಕೂಗಿದ್ರಿ. ನನ್ನ ಹೆಸರು ಒಂದ್ಸಲ ಕೂಗಿ, ಕೇಳ್ತೀನಿ."

"ಕೂಗ್ತೀನಿ" ಅಂದ ಅವನು. "ಮನೇದೇ ಮಾತು ಇದು."

ಮಗಳು ಅಳುತ್ತಾ ಅಡುಗೆಮನೆಗೆ ಹೋದಳು.

ಸುದ್ದಿ ಮಾರುಕಟ್ಟೆ ಮುಟ್ಟುವುದಕ್ಕೆ ಎಷ್ಟು ಹೊತ್ತು? ಮರುದಿನವೇ ಮೆಂಬರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದ. ಸ್ಪೀಕರು ಎತ್ತಿಟ್ಟು ಅವನನ್ನು ಕೂರಿಸಿದರು. "ಏನಕ್ಕ ಇದು, ಈ ಆರೋಗ್ಯದಲ್ಲಿ? ನಾನೇನು ಹೊರಗಿನವನಾ? ನಿನ್ನ ಗಿರಣಿ ಹಿಟ್ಟು ತಿಂದು ಬೆಳೆದೋನು" ಅಂತ ಬೆಣ್ಣೆ ಹಚ್ಚಿದ. ಅವಳು ಗೋಡೆಗೊರಗಿ ಕೂತು ಸುಮ್ಮನೆ ನೋಡುತ್ತಿದ್ದಳು. ಬೆಣ್ಣೆ ಕರಗಲಿಲ್ಲ ಅಂತ ತಿಳಿದು ಅವನು ದನಿ ತಗ್ಗಿಸಿದ: "ನಿಂಗೆ ಬೇಕಾಗಿರೋದು ಆ ಶೌಚಾಲಯ ತಾನೆ? ನೀನು ಹಿಂದೆ ಸರಿ, ನಾಳೇನೇ ತೆಗೆಸ್ತೀನಿ. ಒಳಗಿರೋ ನಮ್ಮ ಬ್ಯಾನರು ಕುರ್ಚಿ ಎಲ್ಲ ಬೇರೆ ಕಡೆ ಸಾಗಿಸೋಕೆ ಅರ್ಧ ದಿನ ಸಾಕು."

ಗಿರಣಿಯಕ್ಕ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಹಾಗಾದ್ರೆ ಬೀಗದ ಕೈ ಇತ್ತು?"

ಮೆಂಬರು ಬಾಯಿಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಾದ. ಆದರೆ ಬಣ್ಣ ಆಗಲೇ ಕೆಟ್ಟಿತ್ತು.

"ಇಷ್ಟು ವರ್ಷ ಬೀಗದ ಕೈ ಇತ್ತು" ಅಂತ ಅವಳು ಮತ್ತೊಮ್ಮೆ, ಈ ಸಲ ತನಗೇ ಹೇಳಿಕೊಂಡಳು. ಬೈಯಲಿಲ್ಲ. ಕಣ್ಣು ತುಂಬಿಕೊಂಡಿತು, ಅಷ್ಟೆ. ಅವಳು ಅತ್ತದ್ದನ್ನು ಹಲೋ ಮಾಮ ಕಂಡದ್ದೇ ಕಡಿಮೆ. ಡಾಕ್ಟರಮ್ಮ ಕಿಡ್ನಿಯ ವಿಷಯ ಹೇಳಿದಾಗಲೂ ಅತ್ತಿರಲಿಲ್ಲ. ಅವನು ಎದ್ದು ಹಣ್ಣಿನ ಚೀಲವನ್ನು ಮೆಂಬರ ಕೈಗೆ ಕೊಟ್ಟು ಬಾಗಿಲವರೆಗೆ ಹೋಗಿ ಬಿಟ್ಟುಬಂದ. ಎಲ್ಲರಿಗೂ ಬೇಕಾದವನಾಗಿ ಬದುಕಿದವನು ಮೊದಲ ಸಲ ಒಬ್ಬನಿಗೆ ಬೇಡವಾದ.

ಪ್ರಚಾರದ ಮೊದಲ ದಿನ ಆಟೋ ತಂದವನು ಅವಳ ತಮ್ಮ. ಮುಂದೆ, ಹಿಂದೆ, ಎರಡೂ ಪಕ್ಕ ಅಕ್ಕನ ಮುಖದ ಪೋಸ್ಟರು ಅಂಟಿಸಿದ್ದ. ಹಳೆಯ ಫೋಟೋ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಅಕ್ಕನಿಗೆ ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿದ. ಹಲೋ ಮಾಮ ಮುಂದೆ ಕೂತು ಮೈಕ್ ಹಿಡಿದು, ತಟ್ಟಿ, "ಹಲೋ ಹಲೋ" ಅಂದ. ಓಟಿನ ದನಿಗೆ ಎಷ್ಟು ಉಸಿರು ಬೇಕೋ ಅಷ್ಟು ಎಳೆದುಕೊಂಡು ಬಾಯಿ ತೆರೆದ.

"ನಮ್ಮ ವಾರ್ಡಿನ... ನಮ್ಮೆಲ್ಲರಿಗೂ ಬೇಕಾದ..."

ಬಂದದ್ದು ಸಾವಿನ ದನಿ.

ಪಟಪಟ ಬಾಗಿಲು ತೆರೆದವು. ಸೋಪಿನ ಕೈಯಲ್ಲಿ ಒಬ್ಬಳು, ಅರ್ಧ ಕ್ಷೌರದ ಕೆನ್ನೆಯಲ್ಲಿ ಒಬ್ಬ, ಅನ್ನ ಅಂಟಿದ ಸೌಟಿನೊಂದಿಗೆ ಇನ್ನೊಬ್ಬಳು ಹೊಸ್ತಿಲಿಗೆ ಬಂದರು. ಪೋಸ್ಟ್‌ಮ್ಯಾನ್ ತಾತ ಅಂಗಿಯ ಗುಂಡಿ ಹಾಕುತ್ತಾ ಬೀದಿಗಿಳಿದು "ಯಾರು ಹೋದ್ರಪ್ಪ?" ಅಂದ. ಹಲೋ ಮಾಮ ಮೈಕ್ ಕೆಳಗಿಳಿಸಿದ. ಕೆಮ್ಮಿ, ನೀರು ಕುಡಿದು, ಮತ್ತೆ ಶುರು ಮಾಡಿದ. ಮತ್ತೆ ಅದೇ ದನಿ. ಎಷ್ಟು ಮೇಲೆತ್ತಿದರೂ ಕೆಳಗೇ ಜಾರುತ್ತಿತ್ತು. ತಾತ ಆಟೋದೊಳಗೆ ಇಣುಕಿದರೆ ಗಿರಣಿಯಕ್ಕ ದಿಂಬಿಗೊರಗಿ ಕೂತಿದ್ದಾಳೆ.

"ಯಾರೂ ಹೋಗಿಲ್ಲ ತಾತ, ನಾನಿನ್ನೂ ಇಲ್ಲೇ ಇದ್ದೀನಿ" ಅಂದು ಅವಳು ನಗತೊಡಗಿದಳು. ನಕ್ಕು ನಕ್ಕು ಉಸಿರು ಸಿಕ್ಕಿಕೊಂಡು, ಗಂಡನ ಬೆನ್ನಿಗೆ ಮೆಲ್ಲಗೆ ಗುದ್ದಿ, "ಓಟು ಬೀಳೋವರೆಗಾದ್ರೂ ಇಟ್ಕೊಳ್ರೀ ನನ್ನ!" ಅಂದಳು. ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಅವನು ಮಾತ್ರ ನಗಲಿಲ್ಲ. ತಾನು ಯಾವುದಕ್ಕೆ ಹೆದರುತ್ತಿದ್ದನೋ ಅದನ್ನೇ ಗಂಟಲು ಎಲ್ಲರೆದುರು ಹೇಳಿಬಿಟ್ಟಿತಲ್ಲ ಅಂತ ನಾಚಿಕೆಯಾಯಿತು, ಭಯವೂ ಆಯಿತು.

ಅವಳು ಅವನ ಕೈಯಿಂದ ಮೈಕ್ ತೆಗೆದುಕೊಂಡಳು. ಗಿರಣಿಯಲ್ಲಿ ಪಳಗಿದ ಗಂಟಲಿಗೆ ಮೈಕ್ ಯಾಕೆ ಬೇಕು ಅಂತ ಒಂದು ಕಾಲದಲ್ಲಿ ಎಲ್ಲರೂ ಅನ್ನುತ್ತಿದ್ದರು. ಈಗ ಮೈಕಿದ್ದೂ ದನಿ ಸಣ್ಣದಾಗಿತ್ತು. ಮಾತು ಮಾತ್ರ ನೇರ. "ಬೆಳಿಗ್ಗೆಯಿಂದ ನೀರು ಕುಡೀದೆ ಇರೋರು ಯಾರ್ಯಾರು ಅಂತ ನಂಗೊತ್ತು. ನಾನೂ ಹಂಗೇ ಇದ್ದೆ. ನಾನೀಗ ಹೆಂಗಾಗಿದ್ದೀನಿ ನೋಡ್ಕೊಳ್ಳಿ. ಆ ಬೀಗದ ಕೈ ಯಾವತ್ತೂ ಕಳೆದುಹೋಗಿರ್ಲಿಲ್ಲ. ಇಷ್ಟೇ ನಾನು ಹೇಳೋದು." ನಗು ನಿಂತಿತು. ಸೋಪಿನ ಕೈಯವಳು ಅಲ್ಲೇ ನಿಂತು ಕೈ ಒಣಗುವವರೆಗೆ ಆಟೋವನ್ನು ನೋಡುತ್ತಿದ್ದಳು.

ಆಮೇಲಿನ ದಿನಗಳಲ್ಲೂ ಹಲೋ ಮಾಮನಿಗೆ ಓಟಿನ ದನಿ ಬರಲಿಲ್ಲ. ಬೇರೆಯವರಿಗೆಲ್ಲ ಕುಣಿದ ಗಂಟಲು ಹೆಂಡತಿಯ ಹೆಸರು ಬಂದರೆ ಎಳೆದು ಎಳೆದು ನಡೆಯುತ್ತಿತ್ತು. ಬರಬರುತ್ತಾ ಜನಕ್ಕೆ ಅದೇ ರೂಢಿಯಾಯಿತು, ಅದೇ ಮೋಜೂ ಆಯಿತು. ಬೇರೆ ಪಕ್ಷದವರ ಗಲಾಟೆಯ ನಡುವೆ "ನಮ್ಮ ವಾರ್ಡಿನ..." ಅನ್ನುವುದು ಕೇಳಿದರೆ ಸಾಕು, ಗಿರಣಿಯಕ್ಕನ ಆಟೋ ಬಂತು ಅಂತ ಗೊತ್ತಾಗುತ್ತಿತ್ತು. ಮಕ್ಕಳು ಆಟೋದ ಹಿಂದೆ ಓಡುತ್ತಾ ಅವನನ್ನೇ ಅಣಕಿಸಿ "ನಮ್ಮೆಲ್ಲರಿಗೂ ಬೇಕಾದ..." ಅಂತ ರಾಗ ಎಳೆಯುತ್ತಿದ್ದವು. ಕಿಟಕಿಗಳಿಂದ "ನಮ್ಮ ಓಟು ಅಕ್ಕನಿಗೇ, ಹೋಗು ಮಾಮ!" ಅಂತ ಉತ್ತರ ಬರುತ್ತಿತ್ತು. ಪೋಸ್ಟ್‌ಮ್ಯಾನ್ ತಾತ ಗುಂಡಿಗೆ ಕೈ ಹಾಕುವುದನ್ನು ಬಿಟ್ಟು, ಜಗಲಿಯ ಕುರ್ಚಿಯಲ್ಲಿ ಕೂತೇ ಕೈಯೆತ್ತುತ್ತಿದ್ದ. ಆಸ್ಪತ್ರೆಗೆ ಹೋಗುವ ದಿನ ಬಿಟ್ಟು ಉಳಿದ ದಿನವೆಲ್ಲ ಅವಳು ಹಿಂದಿನ ಸೀಟಿನಲ್ಲಿ ಕೂತು, ಗಂಡ ತನ್ನ ಹೆಸರು ಕೂಗುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೆಸರು ಬಂದಾಗಲೆಲ್ಲ ಮುಖದ ಮೇಲೆ ಸಣ್ಣದೊಂದು ನಗು. ಹಲೋ ಮಾಮ ಅದನ್ನು ಆಟೋದ ಕನ್ನಡಿಯಲ್ಲಿ ನೋಡುತ್ತಿದ್ದ.

ಮತದಾನಕ್ಕೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ ಅವಳಿಗೆ ಏಳಲಾಗಲಿಲ್ಲ. ತುಟಿ ಒಣಗಿತ್ತು. "ನೀರು" ಅಂದಳು. ಅವನು ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಟ್ಟ.

"ಒಂದು ಲೋಟ ತುಂಬ ಕೊಡ್ರೀ. ಒಂದೇ ಒಂದು."

"ಡಾಕ್ಟರು ಬೈತಾರೆ ಕಣೆ. ಇವತ್ತು ಹೇಗೂ ಆಸ್ಪತ್ರೆಗೆ ಹೋಗ್ತೀವಲ್ಲ, ರಕ್ತ ತೊಳೆಸ್ಕೊಂಡು ಬಂದ್ಮೇಲೆ ಕೊಡ್ತೀನಿ."

ಅವಳು ಅವನನ್ನೇ ನೋಡಿದಳು. "ಆಯ್ತು, ಮುಂದಿನ ಸಲ" ಅಂದಳು. ಕುಚೋದ್ಯಕ್ಕೆ ಅಂದದ್ದೇ. ಅವನೂ ನಕ್ಕು, ಆಟೋ ತರಲು ಅವಳ ತಮ್ಮನಿಗೆ ಹೇಳಿ ಬರುತ್ತೇನೆ ಅಂತ ಹೊರಗೆ ಹೋದ. ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು.

ಒಂದು ಲೋಟ ನೀರು. ಕೊಟ್ಟಿದ್ದರೆ ಏನು ಹೋಗುತ್ತಿತ್ತು? ಹಲೋ ಮಾಮ ಹಾಸಿಗೆಯ ಪಕ್ಕ ಕೂತು ಇದೊಂದನ್ನೇ ಕೇಳಿಕೊಂಡ. ಮಗಳು ಬಂದು ಗೋಳಾಡಿದ್ದು, ಪಕ್ಕದ ಮನೆಯವರು ಬಂದು ಹಾಸಿಗೆ ಸರಿಮಾಡಿದ್ದು, ಯಾವುದೂ ಅವನ ಮನಸ್ಸಿಗೆ ಇಳಿಯಲಿಲ್ಲ.

"ಜನಕ್ಕೆ ಹೇಳ್ಬೇಕಲ್ಲ ಭಾವ" ಅಂದ ಅವಳ ತಮ್ಮ ಮೆಲ್ಲಗೆ.

"ಬೇರೆ ಯಾರನ್ನಾದ್ರೂ ಕರೆಸೋಣ ಅಪ್ಪ" ಅಂದಳು ಮಗಳು.

"ಬೇರೆ ಯಾರಿದ್ದಾರೆ?" ಅಂತ ಅವನು ಎದ್ದ. ವಾರ್ಡಿನ ಎಲ್ಲ ಸಾವನ್ನೂ ಹೇಳಿದವನು ಅವನೇ. ಇದೊಂದನ್ನು ಹೊರಗಿನವನ ಬಾಯಿಗೆ ಕೊಡಲು ಅವನಿಗೆ ಮನಸ್ಸು ಒಪ್ಪಲಿಲ್ಲ.

ಆಟೋ ಹೊರಟಿತು. ಪೋಸ್ಟರು ಕೀಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನಾಲ್ಕು ಕಡೆಯಿಂದಲೂ ಅವಳು ಹಿಟ್ಟಿನ ಹುಬ್ಬಿನಲ್ಲಿ ನಗುತ್ತಿದ್ದಳು. ಹಲೋ ಮಾಮ ಮೈಕ್ ತಟ್ಟಿದ. ಹಲೋ ಅನ್ನಲಿಲ್ಲ.

"ನಮ್ಮ ವಾರ್ಡಿನ... ನಮ್ಮೆಲ್ಲರಿಗೂ ಬೇಕಾದ..."

ಒಂದು ಬಾಗಿಲೂ ತೆರೆಯಲಿಲ್ಲ.

ಅವನು ಅವಳ ಹೆಸರು ಹೇಳಿದ. ತೀರಿಕೊಂಡಳು ಅನ್ನುವ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಆ ನಡುವಿನ ಮೌನದಲ್ಲಿ ಮಹಡಿಯ ಕಿಟಕಿಯಿಂದ ಯಾರೋ ಕೂಗಿದರು: "ನಮ್ಮ ಓಟು ಅಕ್ಕನಿಗೇ, ಹೋಗು ಮಾಮ!" ಎದುರು ಮನೆಯಿಂದ ಇನ್ನೊಬ್ಬರು: "ನಿನ್ನೆನೇ ಹೇಳಿದ್ದೀವಲ್ಲ!" ಮಕ್ಕಳು ಎಲ್ಲಿಂದಲೋ ಓಡಿಬಂದು ಆಟೋದ ಹಿಂದೆ "ಬೇಕಾದ... ಬೇಕಾದ..." ಅಂತ ರಾಗ ಎಳೆಯತೊಡಗಿದವು. ಹಿಂದಿನ ಸೀಟಿನಲ್ಲಿ ದಿಂಬು ಹಾಗೇ ಇತ್ತು. ಅವನು ಕನ್ನಡಿ ನೋಡಿದ, ಅಭ್ಯಾಸಬಲದಿಂದ.

ಅವಳ ತಮ್ಮ ಹ್ಯಾಂಡಲಿನ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ. ಆಟೋ ನಿಂತದ್ದು ಮೂಲೆಮನೆಯ ಮುಂದೆ. ಜಗಲಿಯ ಕುರ್ಚಿಯಲ್ಲಿ ಪೋಸ್ಟ್‌ಮ್ಯಾನ್ ತಾತ ಅಂಗಿಯ ಗುಂಡಿ ಬಿಟ್ಟುಕೊಂಡು ಗಾಳಿಗೆ ಕೂತಿದ್ದ. ಕೈಯೆತ್ತಿ, ಬೊಚ್ಚುಬಾಯಿ ಅಗಲಿಸಿ ನಕ್ಕ. "ಈ ಸಲ ನಾನು ಮೋಸ ಹೋಗಲ್ಲಪ್ಪಾ!"

ಹಲೋ ಮಾಮ ಮೈಕ್ ಆರಿಸಿದ. ಇಳಿದು, ಜಗಲಿಯ ಮೆಟ್ಟಿಲು ಹತ್ತಿ, ತಾತನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಓಟು ಕೇಳಲು ಬಂದವನ ಹಾಗೆ ಕೈ ಜೋಡಿಸಿಕೊಂಡಿದ್ದ. ಬಾಯಿಂದ ಬಂದದ್ದು ಮನೆಯ ದನಿ. ಆ ಬೀದಿಯಲ್ಲಿ ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಇಲ್ಲ ತಾತ. ನನ್ನವಳು ಹೋದ್ಲು."

ತಾತನಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಾತನ ನಗು ಹೋಗಿತ್ತು. ಮುದುಕನ ಬೆರಳುಗಳು ಅಂಗಿಯ ಗುಂಡಿ ಹುಡುಕುತ್ತಿದ್ದವು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಯಿತು, ಬಿಚ್ಚಿದ, ಮತ್ತೆ ಹಾಕಿದ. ಹಲೋ ಮಾಮ ಕೈ ಚಾಚಿ ಒಂದೊಂದೇ ಗುಂಡಿಯನ್ನು ಸರಿಯಾಗಿ ಹಾಕಿಕೊಟ್ಟ. ಆಮೇಲೆ ಎದ್ದು ಪಕ್ಕದ ಮನೆಯ ಬಾಗಿಲು ತಟ್ಟಲು ಹೋದ. ಇನ್ನೂ ತುಂಬಾ ಮನೆಗಳಿದ್ದವು.